ಪೆಟ್ರೋಲ್ ಟ್ಯಾಂಕಿಗೆ ಬೀಗ

ಚಾಲಕ ಪೆಟ್ರೋಲ್ ಕದಿಯುತ್ತಾನೆಂದು ಸಾಹೇಬರಿಗೆ ಗುಮಾನಿ. ಸರ್ಕಾರಿ ಜೀಪಿನ ಟ್ಯಾಂಕಿಗೆ ಬೀಗವಿರುವ ಬಿಗಿ ಮುಚ್ಚಳ ಹಾಕಿಸಿ, ಬೀಗದ ಕೈಯನ್ನು ತಮ್ಮ ಜೇಬಿನಲ್ಲೇ ಇಟ್ಟುಕೊಂಡರು. ಅಂದಿನಿಂದ ಜೀಪು ಎಂಟು ಹತ್ತು ಮೈಲಿಗೊಮ್ಮೆ ನಿಲ್ಲತೊಡಗಿತು. ನಿಂತರೆ ಅರ್ಧ ಗಂಟೆ ಏನು ಮಾಡಿದರೂ ಹೊರಡದು. ಆಮೇಲೆ ಏನೂ ಆಗದಂತೆ ಹೊರಡುವುದು. ಮೂರು ಗ್ಯಾರೇಜಿನವರು ಕಾರ್ಬ್ಯುರೇಟರ್ ಬಿಚ್ಚಿ ತೊಳೆದು, "ಗಾಡಿ ಚೆನ್ನಾಗಿದೆ" ಎಂದರು.

"ನಾಳೆ ಜಿಲ್ಲಾಧಿಕಾರಿಗಳ ಸಭೆ. ದಾರಿಯಲ್ಲಿ ನಿಂತರೆ ನಿನ್ನನ್ನು ಅಮಾನತು ಮಾಡುತ್ತೇನೆ," ಎಂದರು ಸಾಹೇಬರು.

ಹೊಸ ಮುಚ್ಚಳಕ್ಕೆ ಗಾಳಿಯಾಡುವ ತೂತಿಲ್ಲ, ಅದಕ್ಕೇ ಪೆಟ್ರೋಲ್ ಇಳಿಯುತ್ತಿಲ್ಲ ಎಂದು ಚಾಲಕನಿಗೆ ಹೊಳೆದಿತ್ತು. ಆದರೆ ಹೇಳಿದರೆ, ಕಳ್ಳ ಬೀಗ ತೆಗೆಸಲು ನೋಡುತ್ತಿದ್ದಾನೆ ಅನ್ನುತ್ತಾರೆ. 

ಮರುದಿನ ತುಂಬಿದ ಸಂತೆಯ ಎದುರೇ ಜೀಪು ನಿಂತಿತು.

"ಸಾರ್, ನಾನೇ ಪೆಟ್ರೋಲ್ ಕದ್ದಿರಬಹುದು. ಒಮ್ಮೆ ನೀವೇ ನೋಡಿಬಿಡಿ."

ಸಾಹೇಬರು ಸಿಡುಕುತ್ತ ಇಳಿದು ಬೀಗ ತೆಗೆದರು. ಟ್ಯಾಂಕು ಸುಯ್ಯೆಂದು ಗಾಳಿ ಎಳೆದುಕೊಂಡಿತು. ಪೆಟ್ರೋಲ್ ಬೇಕಾದಷ್ಟಿತ್ತು. ಜೀಪು ಹೊರಟಿತು. ಹತ್ತು ಮೈಲಿ ಹೋಗಿ ಮತ್ತೆ ನಿಂತಿತು.

"ಇಷ್ಟರಲ್ಲೇ ಕದ್ದಿದ್ದೀನೇನೋ, ನೋಡಿ ಸಾರ್."

ಮೂರನೆಯ ಸಲ ಸುಡುಬಿಸಿಲಲ್ಲಿ ಬಗ್ಗಿದ ಸಾಹೇಬರು ಆ ಸುಯ್ಯೆಂಬ ಸದ್ದು ಕೇಳಿ ಮುಚ್ಚಳವನ್ನು ನೋಡಿದರು, ಚಾಲಕನನ್ನು ನೋಡಿದರು. ಮುಚ್ಚಳವನ್ನು ಮತ್ತೆ ಹಾಕಲಿಲ್ಲ. ತಮ್ಮ ಕರವಸ್ತ್ರವನ್ನು ಸಡಿಲವಾಗಿ ತುರುಕಿ ಹತ್ತಿ ಕೂತರು. ಸಭೆಗೆ ಸಮಯಕ್ಕೆ ಮುಟ್ಟಿದರು.

ಸಂಜೆ ಕಡತದಲ್ಲಿ ಬರೆದರು: "ಯಾರಿಗೂ ಸಿಗದ ದೋಷವನ್ನು ನಾನು ಖುದ್ದಾಗಿ ಪತ್ತೆಹಚ್ಚಿದ್ದೇನೆ. ಚಾಲಕನಿಗೆ ಯಂತ್ರಗಳ ತಿಳಿವಳಿಕೆ ಸಾಲದು."

ಚಾಲಕ ಎರಡು ಸಲ ಓದಿ ರುಜು ಹಾಕಿದ. ನೌಕರಿ ಉಳಿದಿತ್ತು.