ನಾಯಿಮಾತಿನ ಪಂಡಿತ

"ನೊಣದಿಂದ ಆನೆಯವರೆಗೆ ಯಾವ ಪ್ರಾಣಿಯ ಮಾತಾದರೂ ಸರಿ, ನನಗೆ ಕನ್ನಡದಷ್ಟೇ ಸಲೀಸು!" ಎಂದು ಗಿರಿನಾಥ ಪಂಡಿತ ಎದೆ ತಟ್ಟಿಕೊಂಡಾಗ ಕರಿಗಲ್ಲುಕೋಟೆಯ ದೊರೆ ಭೂಪಣ್ಣನಾಯಕನಿಗೆ ಹೋದ ಜೀವ ಬಂದಂತಾಯಿತು.

ದೊರೆಗೊಂದು ಬೇಟೆನಾಯಿ ಇತ್ತು. ಹೆಸರು ಸಿಡಿಲ. ಮರಿಯಾಗಿದ್ದಾಗ ದೊರೆಯ ಮಂಚದ ಕೆಳಗೇ ಮಲಗಿ ಬೆಳೆದದ್ದು. ಅಂಥ ನಾಯಿ ಹದಿನೈದು ದಿನಗಳಿಂದ, ದೊರೆ ಮುದ್ದಿಸಿದರೆ ಸಾಕು, ಹಲ್ಲು ಕಿರಿದು ಗುರುಗುಟ್ಟುತ್ತಿತ್ತು. ಶತ್ರು ಗುರುಗುಟ್ಟಿದ್ದರೆ ದೊರೆ ಕತ್ತಿ ಹಿರಿಯುತ್ತಿದ್ದ. ಸಾಕಿದ ನಾಯಿಯ ಮೇಲೆ ಏನು ಹಿರಿಯುವುದು? ಊಟ ಬಿಟ್ಟು ಕೂತ.

"ಕೇಳಿ ಹೇಳಿ ಪಂಡಿತರೇ, ಇದಕ್ಕೆ ನನ್ನ ಮೇಲೇಕೆ ಕೋಪ?"

ಪಂಡಿತ ಕಣ್ಣು ಮುಚ್ಚಿದ. ಸಿಡಿಲ ಎರಡು ಸಲ ಬೊಗಳಿತು.

"ಹೂಂ... ಹೌದೇ!... ಪ್ರಭು, ನಾಯಿ ನೋಡಿಕೊಳ್ಳುವ ದ್ಯಾಮಕ್ಕ ಇದರ ಕಿವಿಯಲ್ಲಿ ದಿನಾ ನಿಮ್ಮ ಮೇಲೆ ಚಾಡಿ ಊದುತ್ತಾಳಂತೆ. ಅವಳು ಶತ್ರುಗಳ ಕಡೆಯವಳಂತೆ!"

"ನಾಳೆ ಸಂಜೆಯೊಳಗೆ ಅವಳು ಊರು ಬಿಡಲಿ!" ಎಂದು ದೊರೆ ಗುಡುಗಿದ.

ಸಭೆಯಲ್ಲಿ ಕೇತರಸ ಎಂಬ ಸಲಹೆಗಾರನಿದ್ದ. ಅವನ ನಾಲಿಗೆಯೆಂದರೆ ದೊರೆಗೆ ಇಷ್ಟವೂ ಹೌದು, ಸ್ವಲ್ಪ ಭಯವೂ ಹೌದು. ಅವನು ಸಭೆ ಮುಗಿದದ್ದೇ ನೆಟ್ಟಗೆ ನಾಯಿಮನೆಗೆ ನಡೆದ.

ಇಪ್ಪತ್ತು ವರ್ಷ ಅಲ್ಲೇ ದುಡಿದ ದ್ಯಾಮಕ್ಕ ಅಳುತ್ತ ಬಟ್ಟೆ ಗಂಟು ಕಟ್ಟುತ್ತಿದ್ದಳು. ಕಟ್ಟಲು ಬಿಡದೆ ಸಿಡಿಲ ಗಂಟಿನ ಮೇಲೇ ಕೂತಿತ್ತು.

"ದ್ಯಾಮಕ್ಕ, ಇದು ನಿನಗೂ ಗುರ್ ಅನ್ನುತ್ತದೆಯೇ?"

"ಎಡಗಿವಿ ಮುಟ್ಟಿದರೆ ಮಾತ್ರ, ಬುದ್ಧಿ. ಇಲ್ಲಿ ನೋಡಿ." ಅವಳು ಮೆಲ್ಲಗೆ ನಾಯಿಯ ಕೂದಲು ಸರಿಸಿದಳು. ಕಿವಿಯ ಹಿಂದೆ ಮೂರು ಗೀರು, ಹಸಿ ಗಾಯ. "ಅರಿಸಿನ ಹಚ್ತೀನಿ. ಬೆಳಿಗ್ಗೆ ದೊರೆಗಳು ಬಂದು ಮುದ್ದು ಮಾಡ್ತಾರಲ್ಲ, ಅದಾದ ಮೇಲೆ ಮತ್ತೆ ಕಿತ್ತಿರತದೆ..." ಎಂದವಳು ಗಾಬರಿಯಾಗಿ ಬಾಯಿ ಮುಚ್ಚಿಕೊಂಡಳು.

"ಇದನ್ನು ಯಾರಿಗೂ ಹೇಳಲಿಲ್ಲವೇ?"

"ನನ್ನನ್ನು ಯಾರು ಕೇಳಿದರು? ನಾಯಿಯನ್ನು ಕೇಳಿದರು!"

ಕೇತರಸನಿಗೆ ತಟ್ಟನೆ ದೊರೆಯ ಬಲಗೈಯ ಹೊಸ ಉಂಗುರ ನೆನಪಾಯಿತು. ಹುಲಿಯುಗುರು ಕೂರಿಸಿದ್ದು, ಭಾವಮೈದುನ ಕೊಟ್ಟದ್ದು, ಬಂದು ಹದಿನೈದೇ ದಿನವಾಗಿತ್ತು. ಆದರೆ ಪಂಡಿತನ ಮಾತಿಗೆ ಮರುಳಾದ ದೊರೆಗೆ "ತಪ್ಪು ನಿಮ್ಮದು" ಎನ್ನುವುದು ಹೇಗೆ? ಅವನು ಮೀಸೆಯಲ್ಲೇ ನಗುತ್ತ ಅರಮನೆಗೆ ಹೋದ.

"ಪ್ರಭು, ಇಂಥ ಪಂಡಿತರಿಗೆ ಬಿರುದು ಕೊಡಬೇಕು. ಅದಕ್ಕೆ ಮುಂಚೆ ಒಂದು ಪರೀಕ್ಷೆ ಆಗಲಿ."

"ನಾಯಿ ಹೇಳಿದ್ದು ಇದೇ ಹೌದೋ ಅಲ್ಲವೋ ಅಂತ ನೋಡುವುದು ಹೇಗಯ್ಯಾ?"

"ಬೊಗಳಿದ ಮೇಲೆ ಕನ್ನಡದಲ್ಲೂ ಹೇಳಬಲ್ಲ ನಾಯಿ ಬೇಕು."

"ಎಲ್ಲಿದೆ ಅಂಥದ್ದು?"

ಕೇತರಸ ದೊರೆಯ ಮುಖವನ್ನೇ ನೋಡಿದ.

"ಏಯ್! ನಾನೇ?"

"ಬೇರೆಯವರು ಬೊಗಳಿದರೆ ಆಮೇಲೆ ಸುಳ್ಳು ಹೇಳಿಯಾರು. ತಮ್ಮ ಮಾತನ್ನು ತಾವು ನಂಬಲೇಬೇಕಲ್ಲ!"

ದೊರೆ ಸುತ್ತಮುತ್ತ ನೋಡಿದ. ಯಾರೂ ಇಲ್ಲ. ಮೆಲ್ಲಗೆ "ಬೌ" ಎಂದ.

"ಸ್ವಲ್ಪ ಗಂಟಲು ಬಿಟ್ಟು, ಪ್ರಭು."

ಮರುದಿನ ಸಭೆಯಲ್ಲಿ ಸಿಂಹಾಸನ ಖಾಲಿಯಿತ್ತು. ಪಕ್ಕದಲ್ಲೊಂದು ಪರದೆ ಇಳಿಬಿದ್ದಿತ್ತು. ಪರದೆಯ ಹಿಂದಿನಿಂದ "ಬೌ! ಬೌ!" ಎಂದು ಕೇಳಿಸಿತು.

"ಪಂಡಿತರೇ, ಹೊಸ ನಾಯಿ ಬಂದಿದೆ. ಏನನ್ನುತ್ತಿದೆ?" ಎಂದ ಕೇತರಸ.

ಪಂಡಿತ ಕಣ್ಣು ಮುಚ್ಚಿದ. "ಇದು ಬೀದಿನಾಯಿ. ಅರಮನೆಯ ಅಡುಗೆಮನೆಯಲ್ಲಿ ಕದ್ದು ತಿಂದು ಕೊಬ್ಬಿದೆ."

"ಬೌ! ಬೌ! ಬೌ!"

"ಕೇಳಿದಿರಾ? ತಾನೇ ಒಪ್ಪಿಕೊಳ್ಳುತ್ತಿದೆ! ದ್ಯಾಮಕ್ಕನ ಸಂಚಿನಲ್ಲಿ ತನಗೂ ಪಾಲಿದೆ ಅನ್ನುತ್ತಿದೆ!"

ಪರದೆಯ ಹಿಂದಿನ ಸದ್ದು ಈಗ ನಾಯಿಯದೂ ಅಲ್ಲ, ಮನುಷ್ಯನದೂ ಅಲ್ಲ ಎನ್ನುವಂತಾಯಿತು.

"ಇದನ್ನೇನು ಮಾಡೋಣ?"

"ಬಾಲ ಕತ್ತರಿಸಿ ಊರಾಚೆ ಅಟ್ಟಬೇಕು!"

ಕೇತರಸ ಪರದೆ ಎಳೆದ. ನಾಲ್ಕು ಕಾಲಿನ ಮೇಲೆ ದೊರೆ! ಕಿರೀಟ ಜಾರಿ ಒಂದು ಕಿವಿಗೆ ಬಂದಿತ್ತು.

"ಕತ್ತರಿಸು ಪಂಡಿತ, ಮೊದಲು ಬಾಲ ಎಲ್ಲಿದೆ ಹುಡುಕು! ನಾನು ಹೇಳಿದ್ದು ಇಷ್ಟೇ: ನೆಲ ಗಟ್ಟಿ, ಮಂಡಿ ನೋಯುತ್ತಿದೆ!"

ಪಂಡಿತ ದೊರೆಯ ಕಾಲಿಗೆ ಬಿದ್ದ. ಒಂದು ವರ್ಷ ದ್ಯಾಮಕ್ಕನ ಕೈಕೆಳಗೆ ನಾಯಿಮನೆ ಗುಡಿಸಬೇಕೆಂದು ಅವನಿಗೆ ಅಪ್ಪಣೆಯಾಯಿತು.

ಆಮೇಲೆ ದ್ಯಾಮಕ್ಕ ಸಿಡಿಲನನ್ನು ಕರೆತಂದಳು. "ಪ್ರಭು, ಆ ಉಂಗುರ ತೆಗೆದಿಟ್ಟು ಮುದ್ದಿಸಿ ನೋಡಿ," ಎಂದ ಕೇತರಸ. ದೊರೆ ಹಾಗೇ ಮಾಡಿದ. ಸಿಡಿಲ ಆ ಕೈಯನ್ನು ಮೂಸಿತು, ಇನ್ನೊಮ್ಮೆ ಮೂಸಿತು, ಆಮೇಲೆ ಇಡೀ ತಲೆಯನ್ನು ದೊರೆಯ ಮಡಿಲಿಗೆ ತುರುಕಿತು. ಕಿವಿಯ ಹಿಂದಿನ ಗೀರು ಕಂಡು ದೊರೆಯ ಕಣ್ಣು ತುಂಬಿತು.

"ತಾಯಿ, ನಿನ್ನನ್ನು ಕೇಳದೆ ತಪ್ಪು ಮಾಡಿದೆ," ಎಂದ ದ್ಯಾಮಕ್ಕನಿಗೆ. ಮರುಕ್ಷಣ ಕೇತರಸನತ್ತ ತಿರುಗಿದ. "ನಿನಗೆ ನಿನ್ನೆಯೇ ಗೊತ್ತಿತ್ತಲ್ಲವೇ? ನೇರವಾಗಿ ಹೇಳುವುದು ಬಿಟ್ಟು ತುಂಬಿದ ಸಭೆಯಲ್ಲಿ ನನ್ನನ್ನೇಕೆ ಬೊಗಳಿಸಿದೆ?"

ಕೇತರಸ ಕೈ ಮುಗಿದ.

"ಸಿಡಿಲ ನೇರವಾಗಿಯೇ ಬೊಗಳಿತು ಪ್ರಭು, ದ್ಯಾಮಕ್ಕ ಊರು ಬಿಡುವ ಹಾಗಾಯಿತು. ನಾನು ಬೊಗಳಿದ್ದರೆ ನಾನೂ ಗಂಟು ಕಟ್ಟಬೇಕಿತ್ತು. ತಾವೇ ಬೊಗಳಿದರೆ ಊರು ಬಿಡಿಸುವವರು ಯಾರೂ ಇಲ್ಲವಲ್ಲ!"