ಕಲ್ಲಿಲ್ಲದ ಗಾಡಿ

"ಬುದ್ಧಿ, ಚೆನ್ನಾಗಿ ಹಾಡುವವನ ತಲೆಗೇ ಎಲ್ಲ ಕೆಲಸ ಕಟ್ಟುತ್ತಾರೆ. ಬೆಳಗಿನ ಪೂಜೆಗೂ ಅವನೇ, ಊರೂರು ತಿರುಗುವುದಕ್ಕೂ ಅವನೇ. ಅದಕ್ಕೇ ನಾನು ಬಹಳ ದಿನದಿಂದ ಅರ್ಧ ದನಿಯಲ್ಲೇ ಹಾಡುತ್ತಿದ್ದೇನೆ. ಬೇಕಾದ ದಿನ ಪೂರ್ತಿ ದನಿ ತೆಗೆದರಾಯಿತು. ಇದರಲ್ಲಿ ತಪ್ಪೇನಿದೆ?" ಎಂದು ಮಠದ ಶಿಷ್ಯ ಶಂಭುಲಿಂಗ ಕೇಳಿದ.

ಗುರುಗಳು ಬಯ್ಯಲಿಲ್ಲ. ಕೂತುಕೋ ಎಂದು ಕೈ ತೋರಿಸಿ ಈ ಕತೆ ಹೇಳಿದರು.

ಒಂದು ಸೀಮೆಯಲ್ಲಿ ವರ್ಷಕ್ಕೊಮ್ಮೆ ಎತ್ತಿನ ಗಾಡಿ ಓಟ ನಡೆಯುತ್ತಿತ್ತು. ಸಾಹುಕಾರನ ಗಾಡಿಗೆ ಕಬ್ಬಿಣದ ಅಚ್ಚು, ಎತ್ತರದ ಬಿಳಿ ಎತ್ತುಗಳು. ಗಾಣಿಗನ ಎತ್ತುಗಳು ಗಿಡ್ಡ, ಆದರೆ ಗಾಡಿ ಹಗುರ. ಅಲ್ಲೊಬ್ಬ ರೈತನಿದ್ದ. ಅವನ ಗಾಡಿ ಹಳೇ ಡಕೋಟ, ಎತ್ತು ಮಾತ್ರ ಬೆಂಕಿ. ಯಾರು ಗೆದ್ದರೂ ಗೆದ್ದದ್ದು ಎತ್ತೋ ಗಾಡಿಯೋ ಎಂದು ಜಗಳ. ತಲೆಗಳೂ ಒಡೆದವು. ಕಡೆಗೆ ಹಿರಿಯರು ಸೇರಿ ಒಂದು ಕಟ್ಟುಪಾಡು ಮಾಡಿದರು. ಓಟಕ್ಕೆ ಮುಂಚೆ ಕೆಲವು ತಿಂಗಳು ಪರೀಕ್ಷೆಯ ಓಟ ಇಡಬೇಕು. ಅದರಲ್ಲಿ ಮುಂದೆ ಬಂದ ಗಾಡಿಗೆ ಓಟದ ದಿನ ಕಲ್ಲು ಹೇರಬೇಕು, ಹಿಂದೆ ಬಿದ್ದದ್ದು ಹಗುರಾಗಿ ಓಡಬೇಕು. ಎಲ್ಲರೂ ಸರಿಸಮ ಆಗಲಿ ಎಂದು ಹೀಗೆ ಮಾಡಿದರು. ನ್ಯಾಯವೇ, ನಾನು ಅಲ್ಲ ಅನ್ನುವುದಿಲ್ಲ.

ರೈತನಿಗೆ ಬಾಳವ್ವ ಎಂಬ ಒಬ್ಬಳೇ ಮಗಳು. ತಾಯಿ ಸತ್ತ ಕರುವೊಂದನ್ನು ಬೆರಳು ಚೀಪಿಸಿ, ಹಾಲು ಕುಡಿಸಿ ಬದುಕಿಸಿದ್ದಳು. ಕೆಂದ ಎಂದು ಹೆಸರಿಟ್ಟವಳೂ ಅವಳೇ. ಅದೇ ಈಗ ಗಾಡಿಯ ಎತ್ತು. ಜೋಡಿಯ ಇನ್ನೊಂದು ಎತ್ತು ಕೆಂದ ಹೋದ ಹಾಗೆ ಹೋಗುವಂಥದ್ದು. ಬಾಳವ್ವನಿಗೆ ದೂರದ ಗಂಡು ಗೊತ್ತಾಗಿತ್ತು, ಓಟ ಮುಗಿದ ಮೇಲೆ ಮದುವೆ. ಕೆಂದ ಗೆಲ್ಲುವುದನ್ನು ಒಂದು ಸಲ ಕಣ್ಣಾರೆ ನೋಡಿ ಹೋಗಬೇಕು ಎನ್ನುವುದೊಂದೇ ಅವಳ ಆಸೆ. ಏನಾದರೂ ಆಗಲಿ, ಇದನ್ನು ನಡೆಸಿಕೊಟ್ಟೇ ಕೊಡುತ್ತೇನೆ ಎಂದು ರೈತ ಹಟ ತೊಟ್ಟ.

ಮೊದಲ ಪರೀಕ್ಷೆಯಲ್ಲಿ ಕೆಂದ ನುಗ್ಗಿತು. ರೈತ ಹಗ್ಗ ಜಗ್ಗಿದ. ಮತ್ತೆ ನುಗ್ಗಿತು, ಮತ್ತೆ ಜಗ್ಗಿದ. ಮನೆಗೆ ಬಂದಾಗ ಬಾಳವ್ವ ನೋಡಿದಳು.

"ಅಪ್ಪಾ, ಕೆಂದನ ಮೂಗಲ್ಲಿ ರಕ್ತ ಬಂದಿದೆ. ಒಂದು ಸಲ ಬಿಡಬಾರದಾ ಅದನ್ನ?"

"ಸುಮ್ನಿರವ್ವ. ಈಗ ಬಿಟ್ಟರೆ ಕಲ್ಲು ಹೇರ್ತಾರೆ. ಓಟದ ದಿನ ಬಿಡ್ತೀನಿ, ನಿನ್ನ ಕಣ್ಣೆದುರಿಗೇ ಬಿಡ್ತೀನಿ."

ಎಲ್ಲ ಪರೀಕ್ಷೆಯಲ್ಲೂ ಇದೇ ಕತೆ. ಸಾಹುಕಾರನ ಆಳು ಎಲ್ಲಿ ನೋಡಿಬಿಡುತ್ತಾನೋ ಎಂದು ಹೊಲದ ದಾರಿಯಲ್ಲೂ ರೈತ ಹಗ್ಗ ಸಡಿಲಿಸಲಿಲ್ಲ. ಸಾಹುಕಾರನೇನು ಕಮ್ಮಿಯೇ? ಅವನೂ ಜಗ್ಗಿದ, ಗಾಣಿಗನೂ ಜಗ್ಗಿದ. ಪರೀಕ್ಷೆ ನೋಡಲು ಬಂದವರು ಹೆಣದ ಮೆರವಣಿಗೆಯೇನ್ರಪ್ಪಾ ಎಂದು ನಕ್ಕು ಹೋದರು.

ಓಟದ ದಿನ ಬಂತು. ರೈತನ ಗಾಡಿಗೆ ಒಂದು ಕಲ್ಲೂ ಬೀಳಲಿಲ್ಲ. ಗೆದ್ದೇಬಿಟ್ಟೆ ಅಂದುಕೊಂಡ ಪುಣ್ಯಾತ್ಮ. ಬಾಳವ್ವ ಕೆರೆ ಏರಿಯ ಮೇಲೆ ನಿಂತಿದ್ದಳು. ತಮಟೆ ಬಡಿಯಿತು. ರೈತ ಹಗ್ಗವನ್ನು ಪೂರ್ತಿ ಬಿಟ್ಟು, ಹೋಯ್ ಎಂದು ಕೂಗಿದ.

ಕೆಂದ ಹೊರಟಿತು. ಅದೇ ನಡಿಗೆಯಲ್ಲಿ ಹೊರಟಿತು. ನಾಲ್ಕು ಹೆಜ್ಜೆಗೊಮ್ಮೆ ಕತ್ತು ಓರೆ ಮಾಡಿ, ಮೂಗಿಗೆ ಜಗ್ಗು ಬೀಳುವುದನ್ನೇ ಕಾಯುತ್ತಿತ್ತು. ರೈತ ಬಾಲ ತಿರುಚಿದ. ಎಂದೂ ಹೊಡೆಯದವನು ಬಾರುಕೋಲಿನಿಂದ ಬಾರಿಸಿದ. "ಓಡೋ ನನ್ನಪ್ಪಾ, ಅವಳು ನೋಡ್ತಾ ಇದ್ದಾಳೆ ಓಡೋ" ಎಂದು ಅತ್ತೇಬಿಟ್ಟ. ಕೆಂದ ಏಟು ತಿಂದು ಅದೇ ಹೆಜ್ಜೆ ಹಾಕಿತು. ಪಕ್ಕದಲ್ಲಿ ಸಾಹುಕಾರನ ಗಾಡಿ, ಆಚೆಗೆ ಗಾಣಿಗನ ಗಾಡಿ, ಆ ಎತ್ತುಗಳದ್ದೂ ಅದೇ ನಡಿಗೆ. ಎಲ್ಲವೂ ಒಟ್ಟಿಗೇ ಗೆರೆ ದಾಟಿದವು.

ಹಿರಿಯರ ಸಂತೋಷ ಹೇಳತೀರದು. ಕೂದಲೆಳೆಯಷ್ಟು ಅಂತರವಿಲ್ಲ, ಕಡೆಗೂ ಎಲ್ಲರನ್ನೂ ಸಮ ಮಾಡಿದೆವು ಎಂದು ಸಕ್ಕರೆ ಹಂಚಿದರು.

ಮದುವೆಯಾಗಿ ಹೊರಟ ದಿನ ಬಾಳವ್ವ ಕೊಟ್ಟಿಗೆಗೆ ಹೋಗಿ ಕೆಂದನ ಮೂಗಿನ ಗಾಯ ಸವರಿದಳು. ಅಪ್ಪನ ಕಾಲಿಗೆ ಬಿದ್ದಳು.

ಮಾರನೆಯ ದಿನ ರೈತ ಕೆಂದನನ್ನು ಬಯಲಿಗೆ ಹೊಡೆದುಕೊಂಡು ಹೋಗಿ ಮೂಗುದಾರವನ್ನೇ ಕತ್ತರಿಸಿ ಎಸೆದ. ಹೋಗು ಅಂದ. ಕೆಂದ ಅಲ್ಲೇ ತಿರುಗಿ ಬಂದು, ಹಗ್ಗ ಹಿಡಿಯುತ್ತಿದ್ದ ಅವನ ಕೈಗೆ ಮೂಗು ಒಡ್ಡಿ ನಿಂತಿತು.

ಕತೆ ಅಲ್ಲಿಗೆ ನಿಂತಿತು. ಶಂಭುಲಿಂಗನ ಕಣ್ಣು ಒದ್ದೆಯಾಗಿತ್ತು.

"ಅಯ್ಯೋ ಪಾಪ, ಆ ರೈತನಿಗೆ ಹೀಗಾಗಬಾರದಿತ್ತು ಬುದ್ಧಿ," ಅಂದ.

ಗುರುಗಳು ಅವನ ಮುಖವನ್ನೇ ನೋಡುತ್ತಾ, "ರೈತನ ಮಾತು ಅತ್ಲಾಗಿರಲಿ, ಎಲ್ಲಿ, ನೀನೀಗ ಪೂರ್ತಿ ದನಿ ತೆಗೆದು ಒಂದು ಸಲ ಹಾಡು, ಕೇಳೋಣ" ಎಂದರು.