ಬೂದಿ ಜೋಡಿಯ ಕಪ್ಪು ಮರಿ

"ಕೇಳ್ರಪ್ಪೋ ಕೇಳಿ! ಕಂಚಿಗನಗಿರಿಯ ಬಸವಂತ ನಾಯಕರ ಅಪ್ಪಣೆ! ನಾಯಕರು ಹಾಕುವ ಮೂರು ಒಗಟು ಬಿಡಿಸಿದವನಿಗೆ ಮಗಳು ಹೊನ್ನಾಜಿಯ ಜೊತೆ ಮದುವೆ, ಮೇಲೆ ಹತ್ತು ಹಳ್ಳಿ ಉಂಬಳಿ! ತಪ್ಪು ಹೇಳಿದವನ ತಲೆ ಹಾರುತ್ತೆ! ಬರೋ ಹುಣ್ಣಿಮೆಯೊಳಗೆ ಯಾರೂ ಬಿಡಿಸದಿದ್ದರೆ, ಬುರುಜಿನಲ್ಲಿರುವ ಗಂಗನಾಗತಿಯನ್ನು ಕೋಟೆ ಮೇಲಿಂದ ತಳ್ಳಲಾಗುತ್ತೆ!"

ಡಂಗುರದವನು ಮುಂದಿನ ಬೀದಿಗೆ ಹೋದ. ಕೋಳಿ ದೊಡ್ಡಿ ಗುಡಿಸುತ್ತಿದ್ದ ಓಬಳನ ಕೈಯಿಂದ ಪೊರಕೆ ಜಾರಿ ಬಿತ್ತು.

ನಾಗತಿ ಅಂದರೆ ನಾಯಕನ ಕೈಹಿಡಿದ ಹೆಂಡತಿ. ಗಂಡ ಹೆಂಡತಿ ಇಬ್ಬರೂ ಬೆಳ್ಳಗಿದ್ದರು, ಹುಟ್ಟಿದ ಹೊನ್ನಾಜಿ ಕಪ್ಪಗಿದ್ದಳು. ಅಷ್ಟೇ ನೋಡಿ! ನಾಯಕನ ತಲೆಯೊಳಗೆ ಹುಳ ಹೊಕ್ಕಿತು. ಬಾಣಂತಿಯನ್ನು ಬುರುಜಿಗೆ ನೂಕಿ ಬಾಗಿಲು ಹಾಕಿಸಿದ. ಹದಿನೆಂಟು ವರ್ಷ! ಮಗಳನ್ನು ದಾದಿಯರು ಸಾಕಿದರು. ಈಗ ಮದುವೆಯ ಮಾತು ಬಂದು, ಊರವರ ಬಾಯಲ್ಲಿ ಹಳೆಯ ಗುಸುಗುಸು ಮತ್ತೆ ಎದ್ದಿತ್ತು. ಅದಕ್ಕೇ ಈ ಡಂಗುರ.

ಬುರುಜಿನ ಕಿಟಕಿ ದೊಡ್ಡಿಯ ಕಡೆಗಿತ್ತು. ಪಡುವಣ ಕಡಲಿನ ಹಡಗಿನಲ್ಲಿ ಬಂದ ಟರ್ಕಿ ಕೋಳಿಗಳೆಂದರೆ ನಾಯಕನಿಗೆ ಪ್ರಾಣ. ಕಂಚಿನ ಬಣ್ಣದವು, ಬಿಳಿಯವು, ಕೆಂಪಿನವು, ಬೂದಿ ಬಣ್ಣದವು ಎಲ್ಲಕ್ಕೂ ಬೇರೆ ಬೇರೆ ಗೂಡು, ಗೂಡುಗಳ ಬೀಗದ ಕೈ ನಾಯಕನ ಸೊಂಟದಲ್ಲಿ. ನಾಗತಿ ದಿನಾ ಮೇಲಿಂದ ಕೇಳುವಳು, "ಓಬಳಾ, ಇವತ್ತು ಯಾವುದಪ್ಪ ಮೊಟ್ಟೆ ಇಟ್ಟಿದ್ದು?" ತಾಯಿಯಿಲ್ಲದ ಓಬಳನಿಗೆ ಅಷ್ಟು ಅಕ್ಕರೆಯಿಂದ ಹೆಸರು ಹಿಡಿದು ಕೂಗುವವರು ಬೇರೆ ಯಾರಿದ್ದರು?

ಮೊದಲು ಬಂದವನು ಪಕ್ಕದ ಪಾಳೆಯದ ದೊರೆಮಗ. ನಾಯಕ ಕೇಳಿದ, "ನೆರಳಿಗೆ ಹೋದರೆ ಕರಿಯ, ಬಿಸಿಲಿಗೆ ಬಂದರೆ ತಾಮ್ರ. ಉಜ್ಜಿದವರಿಲ್ಲ, ತೊಳೆದವರಿಲ್ಲ. ಯಾರವನು?"

"ಮಸಿ ಹಿಡಿದ ಹಂಡೆ!" ಅಂದ ದೊರೆಮಗ. ಹಂಡೆ ತಾನಾಗಿ ಬಿಸಿಲಿಗೆ ನಡೆದು ಬರುತ್ತದೆಯೇ? ತಲೆ ಹೋಯಿತು.

ಎರಡನೆಯವನು ಸಾಹುಕಾರನ ಮಗ. ಕಂಚಿನ ಕೋಳಿ ಕಂಡವನಾದ್ದರಿಂದ ಮೊದಲನೆಯದನ್ನು ಬಿಡಿಸಿದ. "ಹೆಂಡಿರು ಹತ್ತು, ಮಕ್ಕಳಿಲ್ಲ. ರೆಕ್ಕೆ ಎರಡು, ಬೇಲಿ ಹಾರಲಾರ. ಯಾರು?" ಎಂದು ನಾಯಕ ಕೇಳಿದಾಗ ನಕ್ಕುಬಿಟ್ಟ. "ಮುದಿ ದೊರೆ!" ಅಂದ. "ರೆಕ್ಕೆ ತೋರಿಸು ಹಾಗಾದರೆ," ಅಂದ ನಾಯಕ. ಪಾಪ, ಅವನದೂ ಹೋಯಿತು.

ಮೂರನೆಯವನು ಮಂತ್ರಿಯ ಮಗ, ಬಲು ಚತುರ. ಎರಡನ್ನೂ ಪಟಪಟನೆ ಹೇಳಿದ. ಆಗ ನಾಯಕನ ದನಿ ಕುಗ್ಗಿತು. "ಇಬ್ಬರೂ ಬೆಳ್ಳಗೆ. ಅವರ ಮನೆಯಲ್ಲಿ ಹುಟ್ಟಿದ್ದು ಕಪ್ಪಗೆ. ತಪ್ಪು ಯಾರದು?"

ಮಂತ್ರಿಯ ಮಗ ಒಡೆಯನ ಮುಖ ನೋಡಿ, ಅವನಿಗೆ ಇಷ್ಟವಾಗುವುದನ್ನೇ ಹೇಳುತ್ತಿದ್ದೇನೆಂದುಕೊಂಡು, "ಹೆತ್ತವಳದು, ಬುದ್ಧೀ," ಅಂದ. ನಾಯಕ ಕಿವಿ ಮುಚ್ಚಿಕೊಂಡು ಕಿರುಚಿದ, "ಕಡೀರಿ ಅವನನ್ನ!" ಆ ಮಾತನ್ನು ತಾನು ಮನಸ್ಸಿನಲ್ಲಿ ಸಾವಿರ ಸಲ ಅಂದುಕೊಂಡಿದ್ದ, ಇನ್ನೊಬ್ಬರ ಬಾಯಲ್ಲಿ ಕೇಳಲಾರದೆ ಹೋದ.

ಹುಣ್ಣಿಮೆಗೆ ಒಂದೇ ದಿನ. ಓಬಳನಿಗೆ ಅನ್ನ ಸೇರಲಿಲ್ಲ. ಬೆಳಿಗ್ಗೆ ನಾಯಕ ಬೀಗ ತೆಗೆದ ಮೇಲೆ ಬೂದಿ ಜೋಡಿಯ ಗೂಡಿಗೆ ಹೋದರೆ, ಕಾವಿಗೆ ಕೂತ ಹೇಂಟೆಯ ಹೊಟ್ಟೆಯಡಿ ಮರಿಗಳು ಕೀಚುಗುಟ್ಟುತ್ತಿದ್ದವು. ಐದು ಮಾಸಲು ಬೂದಿಯವು. ಆರನೆಯದು ಕಪ್ಪು!

ಓಬಳ ಅಲ್ಲೇ ಕುಕ್ಕರಿಸಿದ. ಹೇಳಿದರೆ ತಲೆ ಹೋಗಬಹುದು, ಹೇಳದಿದ್ದರೆ ಆ ತಾಯಿ ಹೋಗುತ್ತಾಳೆ. ಮೇಲಿಂದ ನಾಗತಿ ಕೂಗಿದಳು, "ನಾಳೆಯಿಂದ ಮರಿಗಳ ಸುದ್ದಿ ಯಾರಿಗೆ ಹೇಳ್ತೀಯೋ ಓಬಳಾ?"

ಓಬಳ ಎದ್ದ. ನಾಯಕ ಮತ್ತೆ ಬಂದು ಗೂಡಿಗೆ ಬೀಗ ಹಾಕಿ ಹೋದಮೇಲೆ, ಹಿಕ್ಕೆ ಮೆತ್ತಿದ ಕಾಲಲ್ಲೇ ಚಾವಡಿಗೆ ನಡೆದ. ಜನ ನಕ್ಕರು. ಕಂಬದ ಮರೆಯಲ್ಲಿ ನಿಂತಿದ್ದ ಹೊನ್ನಾಜಿ ಮಾತ್ರ ನಗಲಿಲ್ಲ.

"ಮೊದಲನೆಯದು ಕಂಚಿನ ಹುಂಜ, ಬುದ್ಧೀ. ನೆರಳಲ್ಲಿ ಕಪ್ಪು, ಬಿಸಿಲು ಬಿದ್ದರೆ ಗರಿ ಗರಿಯೂ ತಾಮ್ರ. ಎರಡನೆಯದು ಬಿಳಿ ಹುಂಜ. ಎದೆ ಮಾಂಸ ಹೆಚ್ಚಲಿ ಅಂತ ಪೀಳಿಗೆಯಿಂದ ಪೀಳಿಗೆಗೆ ದಪ್ಪನೆಯದನ್ನೇ ಆರಿಸಿ ಸಾಕಿದ್ದಾರೆ. ಈಗ ಮೈಭಾರಕ್ಕೆ ಹಾರೋಕೂ ಆಗಲ್ಲ, ಹೇಂಟೆ ಜೊತೆ ಕೂಡೋಕೂ ಆಗಲ್ಲ."

"ಮೂರನೆಯದು?"

ಓಬಳ ಒಂದು ಹೆಜ್ಜೆ ಮುಂದೆ ಬಂದ. "ತಪ್ಪು ಹೆತ್ತವಳದಲ್ಲ. ಹುಟ್ಟಿದ್ದರದೂ ಅಲ್ಲ. ಈ ಪ್ರಶ್ನೆ ಕೇಳಿದವರದು, ಬುದ್ಧೀ."

ಕತ್ತಿ ಒರೆಯಿಂದ ಹೊರಬಂತು. ಓಬಳ ಅಳುತ್ತಲೇ ಹೇಳಿದ, "ಕಡೀರಿ, ಆದರೆ ಒಂದು ಸಲ ದೊಡ್ಡಿಗೆ ಬನ್ನಿ. ಬೂದಿ ಜೋಡಿಯ ಗೂಡಿಗೆ ಬೆಳಿಗ್ಗೆ ಬೀಗ ತೆಗೆದು ನನ್ನನ್ನು ಒಳಗೆ ಬಿಡೋರು ತಾವು, ನಾನು ಹೊರಗೆ ಬಂದಮೇಲೆ ಮತ್ತೆ ಹಾಕೋರೂ ತಾವು. ಬೀಗದ ಕೈ ತಮ್ಮ ಸೊಂಟದಲ್ಲೇ ಇದೆ. ಬೇರೆ ಹುಂಜ ಒಳಗೆ ಕಾಲಿಟ್ಟಿಲ್ಲ. ಆದರೂ ಒಂದು ಮರಿ ಕಪ್ಪಗೆ ಹುಟ್ಟಿದೆ. ಬೂದಿ ತಳಿಯ ಗುಣವೇ ಅದು. ಅವುಗಳ ಅಜ್ಜನೋ ಮುತ್ತಜ್ಜನೋ ಕಪ್ಪಗಿದ್ದಿರಬೇಕು. ಒಳಗೆ ಅಡಗಿದ್ದ ಬಣ್ಣ ಈಗ ಹೊರಗೆ ಬಂದಿದೆ."

ನಾಯಕ ಬಂದ, ನೋಡಿದ. ಹೇಂಟೆ ಕಪ್ಪು ಮರಿಯನ್ನು ರೆಕ್ಕೆಯಡಿ ಎಳೆದುಕೊಂಡಿತು. ಬೂದಿ ಹುಂಜ ಪಕ್ಕದಲ್ಲೇ ಕಾವಲು ನಿಂತಿತ್ತು.

"ನಮ್ಮ ಅಜ್ಜಿ ಕಪ್ಪಗಿದ್ದರು," ಅಂದ ನಾಯಕ ಮೆಲ್ಲಗೆ. ನೆಲದ ಮೇಲೇ ಕೂತುಬಿಟ್ಟ.

ಬುರುಜಿನ ಬಾಗಿಲು ತೆಗೆಸಿದರು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಾಗತಿ ಇಳಿದು ಬಂದಳು, ಕೂದಲೆಲ್ಲ ನರೆತಿತ್ತು. ನಾಯಕ ಕೈ ಮುಗಿದ. "ಅರಮನೆಗೆ ಬಾ, ಗಂಗಾ."

"ಹದಿನೆಂಟು ವರ್ಷ ನಾನು ಕೂಗಿ ಕೂಗಿ ಹೇಳಿದೆ, ನೀವು ನಂಬಲಿಲ್ಲ," ಅಂದಳು ನಾಗತಿ. "ಕೋಳಿ ಹೇಳಿದ್ದನ್ನು ನಂಬಿದಿರಿ."

ನಾಯಕ ಆಡಿದ ಮಾತಿಗೆ ತಪ್ಪಲಿಲ್ಲ. ಹೊನ್ನಾಜಿಯನ್ನು ಕೇಳಿದರು, ಅವಳು ಒಪ್ಪಿದಳು. ಓಬಳನಿಗೆ ಮದುವೆಯಾಯಿತು, ಹತ್ತು ಹಳ್ಳಿ ಬಂತು. ಸತ್ತ ಮೂವರ ತಾಯಂದಿರಿಗೆ ಮಾತ್ರ ಏನೂ ಬರಲಿಲ್ಲ, ಕತೆ ಹೇಳುವ ನನಗೂ ಅದು ಇವತ್ತಿಗೂ ಸಂಕಟವೇ. ದಿಬ್ಬಣ ಹೊರಟಾಗ ನಾಗತಿ ಮಗಳ ಗಾಡಿ ಹತ್ತಿದಳು. ಕೋಟೆ ಬಾಗಿಲಲ್ಲಿ ನಾಯಕ ಮೂರು ಸಲ ಹೆಸರು ಹಿಡಿದು ಕೂಗಿದ. ಅವಳಿಗೆ ಕೇಳಿಸಿತು, ತಿರುಗಿ ನೋಡಲಿಲ್ಲ.